ಸಹಾಯ ಬೇಕು: ಗುಡ್ಡದ ಬೇಟೆಗೆ ಯಾವ ರೈಫಲ್ ಒಳ್ಳೇದು?

ನಮಸ್ಕಾರ ಎಲ್ಲರಿಗೂ, ನಾನು ಧಾರವಾಡದವನು. ಮೊದಲೇ ಹೇಳಿಬಿಡುತ್ತೇನೆ, ಬೇಟೆ ಇಲ್ಲಿ ಅಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ, ಕಪ್ಪತಗುಡ್ಡಕ್ಕೆ ಬಂದೂಕು ಒಯ್ಯುವ ಮಾತೇ ಇಲ್ಲ.

ನಮ್ಮ ಸೋದರಮಾವನ ಮಗ ನ್ಯೂಜಿಲೆಂಡಿನಲ್ಲಿದ್ದಾನೆ. ಲೈಸೆನ್ಸ್ ಇದೆ. ಸದರ್ನ್ ಆಲ್ಪ್ಸ್‌ನಲ್ಲಿ ತಾರ್ ಬೇಟೆಗೆ ಹೋಗಬೇಕಂತೆ. ತಾರ್ ಅಂದರೆ ನಮ್ಮ ಹಿಮಾಲಯದ ಕಾಡುಮೇಕೆ. 1904ರಲ್ಲಿ ಅಲ್ಲಿಗೆ ಒಯ್ದು ಬಿಟ್ಟರು, ಈಗ ಅಲ್ಲಿನ ಗಿಡಗಳಿಗೆ ಅದರದ್ದೇ ಕಾಟ. ಇಲ್ಲಿ ಕೊಂದರೆ ಜೈಲು, ಅಲ್ಲಿ ಸರ್ಕಾರವೇ ಕೊಲ್ಲಿಸುತ್ತದೆ. ವಿಚಿತ್ರ ಅಲ್ವಾ?

ನಾನು ಏರ್ ರೈಫಲ್‌ನಲ್ಲಿ 10 ಮೀಟರ್ ಗುರಿ ಹೊಡೆದವನು ಅಷ್ಟೇ. ಆದರೂ ನನ್ನನ್ನೇ ಕೇಳುತ್ತಾನೆ. ಅವನ ಮುಂದೆ ಎರಡು ಬಗೆಯ ಗುಂಡಿನ ರೈಫಲ್‌ಗಳಿವೆ: .308 ಮತ್ತು 6.5 ಕ್ರೀಡ್‌ಮೋರ್. .308 ಆದರೆ ಗುಂಡು ಸುಲಭವಾಗಿ ಸಿಗುತ್ತದೆ. 6.5 ಕ್ರೀಡ್‌ಮೋರ್‌ಗೆ ಒದೆತ ಕಡಿಮೆ, ಗಾಳಿಗೂ ಗುಂಡು ಅಷ್ಟು ಸರಿಯುವುದಿಲ್ಲ. ನನ್ನ ಮನಸ್ಸು ಇದರ ಕಡೆಗೇ ಇದೆ.

ದೊಡ್ಡ ಗೊಂದಲ ತೂಕದ್ದು. ದಿನವಿಡೀ ಹೊತ್ತು ಏರಬೇಕು, ಅದಕ್ಕೆ ಸ್ಕೋಪ್ (ಗುರಿ ನೋಡುವ ದುರ್ಬೀನು) ಸೇರಿ ಮೂರೂವರೆ ಕೆಜಿ ದಾಟಬಾರದು ಅಂತಾನೆ. ಆದರೆ ರೈಫಲ್ ಹಗುರಾದಷ್ಟೂ ಭುಜಕ್ಕೆ ಒದೆತ ಜಾಸ್ತಿ. ಏದುಸಿರು ಬಿಡುವಾಗ ಹಗುರ ನಳಿಗೆ ನಿಲ್ಲುವುದೂ ಇಲ್ಲ. ಮಳೆ, ಹಿಮ ಇರುವುದರಿಂದ ಸ್ಟೇನ್‌ಲೆಸ್ ನಳಿಗೆ, ಸಿಂಥೆಟಿಕ್ ಸ್ಟಾಕ್ (ಭುಜಕ್ಕೆ ಆನಿಸುವ ಹಿಡಿ) ಅಂತ ಇಬ್ಬರೂ ಒಪ್ಪಿದ್ದೇವೆ.

300 ಮೀಟರ್ ಒಳಗಿನ ಹೊಡೆತಕ್ಕೆ 20 ಇಂಚಿನ ನಳಿಗೆ ಸಾಕಾ? ಕಡಿದಾದ ಇಳಿಜಾರಿನಲ್ಲಿ ಪ್ರಾಣಿವರೆಗಿನ ಓರೆ ದೂರವನ್ನೇ ಪೂರ್ತಿ ಹಿಡಿದು ಗುರಿಯಿಟ್ಟರೆ ಗುಂಡು ಗುರಿಗಿಂತ ಮೇಲೆ ಬೀಳುತ್ತದೆ. ಕೋನ ಲೆಕ್ಕ ಹಾಕುವ ರೇಂಜ್‌ಫೈಂಡರ್ (ದೂರ ಅಳೆಯುವ ಸಾಧನ) ಬೇಕೇ ಬೇಕಾ, ಅಥವಾ ಸುಮ್ನೆ ದುಡ್ಡು ದಂಡವಾ?

ಮಿಲಿಟರಿಯಲ್ಲಿ ಗುಡ್ಡದ ಕಡೆ ಡ್ಯೂಟಿ ಮಾಡಿ ಬಂದವರು ಇಲ್ಲಿದ್ದರೆ ದಯವಿಟ್ಟು ಹೇಳ್ರಿ. ಅವನು ಮುಂದಿನ ತಿಂಗಳು ಖರೀದಿ ಮಾಡುವವನಿದ್ದಾನೆ.