ಮಿನಿಯನ್ಸ್ ಸುತ್ತಿನ ಹಳೇ ಗಣಿಗಳ ನಡಿಗೆ: ಹೋಗಿ ಬಂದವರು ಹೇಳಿ

ಕೆಜಿಎಫ್ ಮಗಳು:
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರಿನಲ್ಲಿ ಅಪ್ಪ ಬ್ರಿಸ್ಟಲ್‌ಗೆ ನಮ್ಮನೆಗೆ ಬರುತ್ತಿದ್ದಾರೆ. ವಯಸ್ಸು 70. ಕೋಲಾರದ ಚಿನ್ನದ ಗಣಿ (ಕೆಜಿಎಫ್) ಚಾಂಪಿಯನ್ ರೀಫ್‌ನಲ್ಲಿ ದುಡಿದವರು, 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚುವ ತನಕ ಇದ್ದರು. ಹಿಂದಿನ ಕಾಲದ ಗಣಿ ಕ್ಯಾಪ್ಟನ್‌ಗಳೆಲ್ಲ, ಅಂದರೆ ಮೇಲ್ವಿಚಾರಕರೆಲ್ಲ, ಇಂಗ್ಲೆಂಡಿನ ಕಾರ್ನ್‌ವಾಲ್‌ನವರು, ಆ ಊರನ್ನು ಒಮ್ಮೆ ನೋಡಬೇಕು ಅಂತ ನಾನು ಚಿಕ್ಕವಳಿದ್ದಾಗಿನಿಂದ ಹೇಳುತ್ತಾರೆ. ಅಲ್ಲಿಯ ಬೋಳುಗುಡ್ಡದ ಸೀಮೆ ಬಾಡ್ಮಿನ್ ಮೂರ್‌ಗೆ ಹೋಗಿ, ಮಿನಿಯನ್ಸ್ ಹಳ್ಳಿಯಿಂದ ಹೊರಟು ಹರ್ಲರ್ಸ್ ಕಲ್ಲುವೃತ್ತಗಳು, ಚೀಸ್‌ರಿಂಗ್ ಬಂಡೆ, ಫೀನಿಕ್ಸ್ ಮತ್ತು ಸೌತ್ ಕ್ಯಾರಡನ್ ಹಳೇ ಗಣಿಗಳನ್ನು ಸುತ್ತಿ ಬರುವ ಯೋಚನೆ. ಮ್ಯಾಪಿನಲ್ಲಿ ಎಳೆದು ನೋಡಿದೆ, 11 ಕಿ.ಮೀ. ಬಂತು. ಅಪ್ಪನಿಗೆ ಎಡ ಮಂಡಿ ನೋವು. ಪೂರ್ತಿ ಸುತ್ತಬಹುದಾ, ಅರ್ಧಕ್ಕೆ ನಿಲ್ಲಿಸಬೇಕಾ?

ಪ್ಲಿಮತ್ ಭಟ್ಟ:
ಮೊದಲು ಬೂಟು. ಆಮೇಲೆ ಉಳಿದಿದ್ದು. ನಾನು ಹೋದದ್ದು ಅಕ್ಟೋಬರಿನಲ್ಲಿ. ಅದಕ್ಕೆ ಎರಡು ದಿನ ಮೊದಲು 145 ಪೌಂಡ್ ಕೊಟ್ಟು ಚರ್ಮದ ಬೂಟು ತಂದೆ. ಮನೆಯಲ್ಲಿ ಒಂದು ಗಂಟೆಯೂ ಹಾಕಿ ಓಡಾಡಿರಲಿಲ್ಲ. ಚೀಸ್‌ರಿಂಗ್ ಹತ್ತುವಷ್ಟರಲ್ಲಿ ಎರಡು ಹಿಮ್ಮಡಿಯಲ್ಲೂ ಬೊಕ್ಕೆ. ಫೀನಿಕ್ಸ್ ಹತ್ತಿರ ಬೊಕ್ಕೆ ಒಡೆದು ಕಾಲುಚೀಲ ಅಂಟಿಕೊಂಡಿತು. ಲಿಸ್ಕರ್ಡ್ ಸ್ಟೇಷನ್ನಿನಿಂದ ಟ್ಯಾಕ್ಸಿಗೆ 22 ಪೌಂಡ್ ಕೊಟ್ಟಿದ್ದೆ. ವಾಪಸ್ ಬರಲು ಫೋನ್ ಮಾಡೋಣ ಅಂದರೆ ಸಿಗ್ನಲ್ ಇಲ್ಲ. ಕೊನೆಗೆ ಸಿಕ್ಕಿದ ಟ್ಯಾಕ್ಸಿಯವನು 30 ಕೇಳಿದ. ಪ್ಲಾಸ್ಟರ್, ಮುಲಾಮು 11.40. ನಾಲ್ಕು ದಿನ ಚಪ್ಪಲಿಯಲ್ಲೇ ಆಫೀಸಿಗೆ ಹೋದೆ. ಒಟ್ಟು 208 ಪೌಂಡ್ 40 ಪೆನ್ಸ್. ರೈಲು ಟಿಕೆಟ್ ಬೇರೆ.

ಲೀಡ್ಸ್ ಅಕ್ಕ:
ಬಾಡ್ಮಿನ್ ಯಾಕೆ? ಯಾರ್ಕ್‌ಶೈರಿನ ಸ್ವೇಲ್‌ಡೇಲ್‌ಗೆ ಬನ್ನಿ. ನಾನು ಮೂರು ಸಲ ಗನ್ನರ್‌ಸೈಡ್ ಗಿಲ್ ಹತ್ತಿದ್ದೇನೆ. ಸೀಸದ ಗಣಿಗಳು. ಗುಡ್ಡದ ನೆತ್ತಿಯಲ್ಲಿ ಮಣ್ಣಿನ ಕಟ್ಟೆ ಕಟ್ಟಿ, ನೀರು ತುಂಬಿಸಿ, ಒಂದೇ ಸಲ ಒಡೆಯುತ್ತಿದ್ದರಂತೆ. ನೀರು ಮೇಲ್ಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋದರೆ ಅದಿರು ಕಣ್ಣಿಗೆ ಬೀಳುತ್ತಿತ್ತು. ಅದಕ್ಕೆ ಹಶ್ ಅನ್ನುತ್ತಾರೆ. ಆ ಕೊರಕಲುಗಳು ಇವತ್ತಿಗೂ ಹಾಗೇ ಇವೆ, ಹುಲಿ ಪರಚಿದ ಹಾಗೆ. ಓಲ್ಡ್ ಗ್ಯಾಂಗ್ ಗಣಿಯಲ್ಲಿ ಪೀಟ್ (ಉರುವಲಿನ ಜೌಗುಮಣ್ಣು) ಒಣಗಿಸುವ ಕೊಟ್ಟಿಗೆಯ ಕಲ್ಲುಕಂಬಗಳು ಸಾಲಾಗಿ ನಿಂತಿವೆ. ಮಾಡು ಇಲ್ಲ, ಕಂಬ ಮಾತ್ರ. ಆಗಸ್ಟಿನಲ್ಲಿ ಹೆದರ್ ಹೂ ಬಿಟ್ಟರೆ ಇಡೀ ಬೋಳುಗುಡ್ಡ ನೇರಳೆ. ಆದರೆ ಆಗಸ್ಟ್ 12ರಿಂದ ಗ್ರೌಸ್ ಹಕ್ಕಿಯ ಬೇಟೆ ಶುರು. ಎರಡನೇ ಸಲ ಅದು ಗೊತ್ತಿಲ್ಲದೆ ಹೋಗಿ ಬಂದೂಕಿನ ಸದ್ದಿಗೆ ಮಗ ಅತ್ತು, ಅರ್ಧದಲ್ಲೇ ತಿರುಗಿದೆವು. ಎರಡು ರಾತ್ರಿಯ ರೂಮಿನ 190 ಪೌಂಡ್ ಹೋಯಿತು.

ಪ್ಲಿಮತ್ ಭಟ್ಟ:
ಅಕ್ಕ, ಅವರ ಅಪ್ಪ ನೋಡಬೇಕಂದದ್ದು ಕಾರ್ನ್‌ವಾಲ್. ಯಾರ್ಕ್‌ಶೈರ್ ಅಲ್ಲ.

ಲೀಡ್ಸ್ ಅಕ್ಕ:
ಗಣಿ ಎಲ್ಲಾದರೂ ಗಣಿಯೇ. ಬೂಟಿನ ಲೆಕ್ಕ ಬರೆದವರಿಗಿಂತ ನಾನು ಜಾಗದ ಬಗ್ಗೆ ಜಾಸ್ತಿನೇ ಹೇಳಿದ್ದೇನೆ ಅಲ್ವಾ?

ಮಂಜುಮುಸುಕು:
ಇಬ್ಬರೂ ಮಂಜಿನ ಮಾತೇ ಎತ್ತಲಿಲ್ಲ. ನನಗೆ ಆದದ್ದು ಹೇಳುತ್ತೇನೆ. ಜೂನ್ ತಿಂಗಳು, ಬೆಳಗ್ಗೆ ಚುರುಕು ಬಿಸಿಲು. ಕ್ಯಾರಡನ್ ಗುಡ್ಡದ ಮೇಲಿನ ಟಿವಿ ಕಂಬ ದೂರದಿಂದಲೇ ಕಾಣುತ್ತಿತ್ತು, ದಾರಿ ತಪ್ಪುವುದಿಲ್ಲ ಅಂದುಕೊಂಡೆ. ಹನ್ನೊಂದು ಗಂಟೆಗೆ ಮಂಜು ಇಳಿಯಿತು. ಕಂಬ ಮಾಯ. ಕೈ ಚಾಚಿದರೆ ಬೆರಳು ಕಾಣಿಸದು. ಫೋನಿನ ಮ್ಯಾಪ್ ನಂಬಿ ನಡೆದೆ. ಫೋನ್ ಜಾರಿ ಕಲ್ಲಿಗೆ ಬಿತ್ತು, ಗಾಜು ಒಡೆಯಿತು. ರಿಪೇರಿಗೆ 189 ಪೌಂಡ್. ಮುಕ್ಕಾಲು ಗಂಟೆ ಒಂದೇ ಜಾಗದಲ್ಲಿ ಕೂತಿದ್ದೆ. ಒಂದು ಕುದುರೆ ಉಸಿರು ಬಿಡುವ ಸದ್ದು ಕೇಳುತ್ತಿತ್ತು, ಕುದುರೆ ಮಾತ್ರ ಕಾಣಲಿಲ್ಲ. ಆಮೇಲೆ ಮಂಜು ಸ್ವಲ್ಪ ಸರಿಯಿತು. ಹತ್ತು ಹೆಜ್ಜೆ ಮುಂದೆ ಗಣಿಯ ಉಗಿಯಂತ್ರ ಇಡುತ್ತಿದ್ದ ಮೂರಾಳೆತ್ತರದ ಕಲ್ಲಿನ ಇಂಜಿನ್ ಮನೆ, ಪಕ್ಕದಲ್ಲಿ ಚಿಮಣಿ. ಅಷ್ಟೂ ಹೊತ್ತು ನಾನು ಅದರ ಎದುರಿಗೇ ಕೂತಿದ್ದೆ. ಅವತ್ತಿನಿಂದ ಕಾಗದದ ಮ್ಯಾಪ್ ಇಲ್ಲದೆ ಹೊರಡುವುದಿಲ್ಲ. ಆರ್ಡ್‌ನೆನ್ಸ್ ಸರ್ವೇಯ ಎಕ್ಸ್‌ಪ್ಲೋರರ್ 109.

ಧೈರ್ಯಶಾಲಿ:
ಇಷ್ಟೊಂದು ಹೆದರಿಸಬೇಡಿ. ನಾವು ಐದು ಜನ ಹೋಗಿದ್ದೆವು, ಮಾಮೂಲಿ ಸ್ಪೋರ್ಟ್ಸ್ ಶೂ, ಡಬ್ಬಿಯಲ್ಲಿ ಚಿತ್ರಾನ್ನ. ಏನೂ ಆಗಲಿಲ್ಲ. ಒಂದು ಕಡೆ ಗುಡ್ಡದ ಪಕ್ಕದಲ್ಲಿ ಸುರಂಗದ ಬಾಯಿ ಇತ್ತು, ಮೂವತ್ತು ಅಡಿ ಒಳಗೆ ಹೋಗಿ ಫೋಟೋ ತೆಗೆದೆವು. ಹಸಿರು ಬಣ್ಣ ಹತ್ತಿದ ಕಲ್ಲು ಸಿಕ್ಕಿತು, ಈಗ ನಮ್ಮನೆ ಶೋಕೇಸಿನಲ್ಲಿದೆ.

ಮಾರಿಕುಪ್ಪಂ ಲೈನ್:
ಧೈರ್ಯಶಾಲಿ ಅವರೇ, ಆ ಮಾತು ಓದಿ ನನ್ನ ಕೈ ನಡುಗುತ್ತಿದೆ. ನಮ್ಮಪ್ಪ, ಚಿಕ್ಕಪ್ಪ ಇಬ್ಬರೂ ಕೆಜಿಎಫ್‌ನಲ್ಲಿ ಕೆಳಗಿಳಿದವರು. ಕೆಳಗೆ ಬಂಡೆ ಸಿಡಿದರೆ ಮೇಲೆ ನಮ್ಮ ಮನೆಯ ಪಾತ್ರೆಗಳು ಅಲುಗಾಡುತ್ತಿದ್ದವು. ಅಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಯಾರ ಹೆಸರು ಬರುತ್ತದೋ ಅಂತ ಇಡೀ ಲೈನ್, ಕಾರ್ಮಿಕರ ಮನೆಗಳ ಸಾಲು, ಕಾಯುತ್ತಿತ್ತು. ಬಿಟ್ಟುಹೋದ ಸುರಂಗದಲ್ಲಿ ಮರದ ಆಸರೆ ಕೊಳೆತಿರುತ್ತದೆ. ನೆಲ ಅಂದುಕೊಂಡದ್ದು ಹಲಗೆ ಆಗಿರಬಹುದು, ಕೆಳಗೆ ಶಾಫ್ಟ್, ಅಂದರೆ ನೇರ ಇಳಿಯುವ ಆಳದ ಬಾವಿ. ಗಾಳಿಯೂ ಇರುವುದಿಲ್ಲ. ಆ ಕಡೆಯ ಗಣಿಕಲ್ಲಿನಲ್ಲಿ ಆರ್ಸೆನಿಕ್ ವಿಷ ಇರುತ್ತದೆ. ಗಣಿಯಿಂದ ತೆಗೆದು ಸುರಿದ ಎಷ್ಟೋ ರಾಶಿಗಳ ಮೇಲೆ ಇವತ್ತಿಗೂ ಹುಲ್ಲು ಹುಟ್ಟಿಲ್ಲ. ಆ ಕಲ್ಲನ್ನು ಮಕ್ಕಳು ಮುಟ್ಟುವ ಕಡೆ ಇಟ್ಟಿದ್ದೀರಾ?

ಧೈರ್ಯಶಾಲಿ:
ಒಂದು ಕಲ್ಲಿಗೆ ಇಷ್ಟು ಕೂಗಾಟನಾ?

ಮಂಜುಮುಸುಕು:
ಯುನೆಸ್ಕೋ 2006ರಲ್ಲಿ ಕಾರ್ನ್‌ವಾಲಿನ ಗಣಿ ಪ್ರದೇಶಗಳನ್ನು ವಿಶ್ವ ಪರಂಪರೆಗೆ ಸೇರಿಸಿದೆ. ಕ್ಯಾರಡನ್ ಕೂಡ ಅದರಲ್ಲಿ ಬರುತ್ತದೆ. ಒಬ್ಬೊಬ್ಬರು ಒಂದೊಂದು ಕಲ್ಲು ತಂದರೆ ಅಲ್ಲಿ ಏನು ಉಳಿಯುತ್ತದೆ?

ಎಕ್ಸೆಟರ್ ಗೌಡ:
ನನಗೆ ಕಲ್ಲಿನ ಚಿಂತೆ ಇಲ್ಲ. ಆ ಕ್ಯಾಪ್ಟನ್‌ಗಳ ಊರಿಗೆ ಯಾತ್ರೆ ಯಾಕೆ ಹೋಗಬೇಕು? ಜಾನ್ ಟೇಲರ್ ಕಂಪನಿ 1880ರ ದಶಕದಲ್ಲಿ ಕೋಲಾರದ ಗಣಿ ಹಿಡಿಯಿತು. ಸಾಹೇಬರಿಗೆ ಬಂಗಲೆ, ಕ್ಲಬ್. ನಮ್ಮವರಿಗೆ ಬಿದಿರು ತಟ್ಟಿ ಗುಡಿಸಲು. 1902ರಲ್ಲೇ ಶಿವನಸಮುದ್ರದಿಂದ ಗಣಿಗೆ ಕರೆಂಟ್ ಬಂತು. ಯಂತ್ರ ತಿರುಗಿಸಿತು, ಗುಡಿಸಲು ಕತ್ತಲಲ್ಲೇ ಇತ್ತು. ನಾನು ಮಿನಿಯನ್ಸ್‌ಗೆ ಹೋಗಿ ಆ ಚಿಮಣಿ ನೋಡಿದಾಗ ಹೊಟ್ಟೆ ಉರಿಯಿತು, ನಿಜ ಹೇಳುತ್ತೇನೆ.

ಮಾರಿಕುಪ್ಪಂ ಲೈನ್:
ಗೌಡ್ರೇ, ನಿಮ್ಮ ಸಿಟ್ಟು ನನಗೂ ಇದೆ. ಆದರೆ ನಾನು ಅಲ್ಲಿಗೆ ಹೋದಾಗ ಬೇರೆ ಏನೋ ಕಂಡಿತು. ಸೌತ್ ಕ್ಯಾರಡನ್‌ನಲ್ಲಿ ತಾಮ್ರ ಸಿಕ್ಕಿದ್ದು 1836ರಲ್ಲಿ. 1866ರಲ್ಲಿ ತಾಮ್ರದ ಬೆಲೆ ಬಿದ್ದು ಗಣಿಗಳು ಒಂದೊಂದಾಗಿ ಮುಚ್ಚಿದವು. ಇದೂ 1880ರ ದಶಕದಲ್ಲಿ ಮುಚ್ಚಿತು. ಅಲ್ಲಿ ಒಲೆ ಆರಿದ ಹೊತ್ತಿಗೇ ಇಲ್ಲಿ ಕೋಲಾರ ಶುರು. ಹೊಟ್ಟೆಗಿಲ್ಲದೆ ಹಡಗು ಹತ್ತಿದವರೂ ಅವರಲ್ಲಿದ್ದರು. 2001ರ ನಂತರ ನಮ್ಮವರು ಬೆಳಗಿನ ಜಾವ ಎದ್ದು ರೈಲಲ್ಲಿ ನಿಂತುಕೊಂಡೇ ಬೆಂಗಳೂರಿಗೆ ಕೂಲಿಗೆ ಹೋದರಲ್ಲ, ಹಾಗೆ.

ಎಕ್ಸೆಟರ್ ಗೌಡ:
ಎರಡೂ ಒಂದೇ ಅನ್ನಬೇಡಿ. ಅವರು ಸಾಹೇಬರಾಗಿ ಬಂದರು. ನಮ್ಮವರು ಕೂಲಿಯವರಾಗೇ ಹೋದರು.

ಲೀಡ್ಸ್ ಅಕ್ಕ:
ಸ್ವೇಲ್‌ಡೇಲ್‌ನಲ್ಲಿ ಈ ಜಗಳವೇ ಇರುವುದಿಲ್ಲ.

ಕೆಜಿಎಫ್ ಮಗಳು:
ಎಲ್ಲವನ್ನೂ ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಗೌಡ್ರು ಹೇಳಿದ್ದು ಸುಳ್ಳಲ್ಲ ಅಂದರು. ಆದರೂ ಬರುತ್ತಾರಂತೆ. ಅವರು ಕೇಳಿದ್ದು ಒಂದೇ. ಅಲ್ಲಿಯ ಶಾಫ್ಟ್ ಬಾಯಿ ಮುಚ್ಚಿದ್ದಾರಾ, ಬಗ್ಗಿ ನೋಡಿದರೆ ನೀರು ಕಾಣುತ್ತದಾ? ಚಾಂಪಿಯನ್ ರೀಫ್ ಈಗ ನೀರು ತುಂಬಿ ನಿಂತಿದೆ. ಅದೊಂದು ಮಾತು ಅವರಿಗೆ ಆಗಾಗ ಬರುತ್ತದೆ.

ಮಾರಿಕುಪ್ಪಂ ಲೈನ್:
ನಾನು ನೋಡಿದ ಕಡೆಯೆಲ್ಲ ಬೇಲಿ, ಬಲೆ ಹಾಕಿದ್ದರು. ಬಗ್ಗಲು ಆಗುವುದಿಲ್ಲ. ಆದರೆ ಬೇಲಿ ಹತ್ತಿರ ನಿಂತರೆ ತಣ್ಣನೆ ಗಾಳಿ ಮುಖಕ್ಕೆ ಬಡಿಯುತ್ತದೆ. ಅಪ್ಪನಿಗೆ ಆ ವಾಸನೆ ಗೊತ್ತಾಗುತ್ತದೆ. ಸೌತ್ ಕ್ಯಾರಡನ್ ಕಣಿವೆ ಇಳಿಯುವುದು ಬೇಡ, ಮಂಡಿಗೆ ಕಷ್ಟ. ಮಿನಿಯನ್ಸ್ ಊರ ಪಕ್ಕದಲ್ಲೇ ಹೌಸ್‌ಮನ್ ಇಂಜಿನ್ ಮನೆ ಇದೆ. ಅಲ್ಲಿಂದ ಹರ್ಲರ್ಸ್ ತನಕ ನೆಲ ಸಮ.

ಪ್ಲಿಮತ್ ಭಟ್ಟ:
ಅಪ್ಪನ ಕಾಲಳತೆ 8 ಆಗಿದ್ದರೆ ತಿಳಿಸಿ. ಆ 145 ಪೌಂಡಿನ ಬೂಟು ಈಗ ಚೆನ್ನಾಗಿ ಪಳಗಿದೆ. ಕಳಿಸುತ್ತೇನೆ, ಅಂಚೆ ಖರ್ಚು ನನ್ನದೇ.