ಅಪ್‌ಡೇಟ್: ‘ಗಪ್ಪಿ’ ಅಂದರೆ ಯಾವ ವಿಮಾನ ಅಂತ ಗೊತ್ತಾಯಿತು

ಅಮೆರಿಕದಲ್ಲಿ ಪೈಲಟ್ ಆಗಿರುವ ನನ್ನ ಭಾವನ ಮೆಸೇಜ್‌ಗಳಲ್ಲಿ ಬರುವ ‘ಗಪ್ಪಿ’, ‘ಮ್ಯಾಡ್ ಡಾಗ್’, ‘ಈಸ್ಟ್-ವೆಸ್ಟ್ ಜಗಳ’ ಏನು ಅಂತ ಹೋದ ವಾರ ಇಲ್ಲಿ ಕೇಳಿದ್ದೆ.

ನಿಮ್ಮಲ್ಲಿ ಕೆಲವರು ವಿಮಾನಗಳ ಅಧಿಕೃತ ಕೋಡ್ ಪಟ್ಟಿ ನೋಡಿ ಅಂದಿದ್ದಿರಿ. ಅದರಲ್ಲಿ ಸಿಗಲಿಲ್ಲ. ಆದರೆ ಏರ್‌ಬಸ್ ಎ320 ನಿಯೋ ವಿಮಾನಕ್ಕೆ ‘ಎ20ಎನ್’ ಅಂತ ಬರೆಯುತ್ತಾರೆ ಅನ್ನೋದು ತಿಳಿಯಿತು. ‘ಅವೆಲ್ಲ ಅಡ್ಡಹೆಸರು, ಸುಮ್ನೆ ಅವರನ್ನೇ ಕೇಳಿ’ ಅಂದವರ ಮಾತೇ ಕೆಲಸಕ್ಕೆ ಬಂತು. ಗಪ್ಪಿ ಅಂದರೆ ಬೋಯಿಂಗ್ 737. ಸೊಳ್ಳೆ ಮರಿ ತಿನ್ನಲಿ ಅಂತ ನಾವು ಬಾವಿಗೆ ಬಿಡುತ್ತೇವಲ್ಲ, ಅದೇ ಮೀನಿನ ಹೆಸರು! ಮ್ಯಾಡ್ ಡಾಗ್ ಅಂದರೆ ಎಂಡಿ-80 ವಿಮಾನ.

ಈಸ್ಟ್-ವೆಸ್ಟ್ ದಿಕ್ಕು ಅಂದುಕೊಂಡಿದ್ದೆ, ಅಲ್ಲ. 2005ರಲ್ಲಿ ಯುಎಸ್ ಏರ್‌ವೇಸ್ (ಇದೇ ಈಸ್ಟ್), ಅಮೆರಿಕ ವೆಸ್ಟ್ (ಇದು ವೆಸ್ಟ್) ಅನ್ನೋ ಎರಡು ವಿಮಾನ ಕಂಪನಿಗಳು ಒಂದಾದವು. ಎರಡೂ ಕಡೆಯ ಪೈಲಟ್‌ಗಳಲ್ಲಿ ಯಾರು ಸೀನಿಯರ್ ಅನ್ನೋದೇ ಜಗಳ. ಯಾವ ವಿಮಾನ, ಯಾವ ಊರು, ಯಾವಾಗ ರಜೆ, ಎಲ್ಲಕ್ಕೂ ಸೀನಿಯಾರಿಟಿ ಪಟ್ಟಿಯ ನಂಬರೇ ಆಧಾರ. ಸೇರಿದ ದಿನಾಂಕ ನೋಡಿ ಅಂದರು ಈಸ್ಟ್‌ನವರು. 2007ರಲ್ಲಿ ಮಧ್ಯಸ್ಥಗಾರ ಒಪ್ಪಲಿಲ್ಲ. ಮರುವರ್ಷ ಪೈಲಟ್‌ಗಳು ತಮ್ಮ ಹಳೆ ಯೂನಿಯನ್ನನ್ನೇ ಓಟು ಹಾಕಿ ಕಳಿಸಿದರು! ಆಮೇಲೂ ವರ್ಷಗಟ್ಟಲೆ ಕೋರ್ಟು.

ಭಾವ ಯಾವ ಕಡೆ ಅಂತ ಕೇಳಿದೆ. ಬರೀ ನಗುವ ಇಮೋಜಿ ಬಂತು.