ಆಫೀಸಿನ ಅಡುಗೆ ಸ್ಪರ್ಧೆ ಆಟಿಯಲ್ಲೇ ಯಾಕೆ? ನಿಯಮ ಹೇಗಿಡುವುದು?

ಕದ್ರಿಕಂಬಳ:
ಮಂಗಳೂರಿನ ನಮ್ಮ ಆಫೀಸಿನಲ್ಲಿ ವರ್ಷಕ್ಕೊಮ್ಮೆ ಸಿಬ್ಬಂದಿಯ ಅಡುಗೆ ಸ್ಪರ್ಧೆ ಉಂಟು, ಅದೂ ಆಟಿಯಲ್ಲೇ. ಈ ಸಲದ ವ್ಯವಸ್ಥೆ ನಮ್ಮ ತಂಡದ್ದು. ಈ ಕ್ರಮ ಆಟಿಗೇ ಯಾಕೆ ಅಂಟಿಕೊಂಡಿತು ಅಂತ ಘಟ್ಟದ ಮೇಲಿನ ಹೊಸಬರು ಕೇಳುತ್ತಿದ್ದಾರೆ. ಇನ್ನೊಂದು, ಕಟ್ಟಡದೊಳಗೆ ಗ್ಯಾಸ್ ತರುವಂತಿಲ್ಲ, ಇಂಡಕ್ಷನ್ ಮಾತ್ರ. ಕೆಸುವಿನ ಎಲೆಯ ಪತ್ರೊಡೆ ತಿಂದು ಗಂಟಲು ತುರಿಸಿತು ಅಂತ ದೂರು ಬಾರದ ಹಾಗೆ ಏನು ಮಾಡಬಹುದು?

ತೆಂಕಪೇಟೆ:
ಆಟಿ ಅಂದರೆ ತುಳುವರ ತಿಂಗಳು, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ನಾಟಿ ಮುಗಿದಿರುತ್ತದೆ, ಮದುವೆ, ಗೃಹಪ್ರವೇಶ ಯಾವುದೂ ಇಲ್ಲ. ಹಿಂದೆ ಅದು ಮನೆಯ ಅಕ್ಕಿ ಮುಗಿಯುತ್ತಾ ಬರುವ ತಿಂಗಳು. ತಜಂಕ್ ಸೊಪ್ಪು, ಕೆಸು, ಕಣಿಲೆ (ಎಳೆ ಬಿದಿರು), ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಹೀಗೆ ದುಡ್ಡು ಕೊಡದೆ ಸಿಗುವುದರಲ್ಲೇ ಊಟ ಆಗಬೇಕಿತ್ತು. ಊರಿನ ಸಂಘಗಳು ಈ ತಿನಿಸುಗಳನ್ನಿಟ್ಟು ‘ಆಟಿಡೊಂಜಿ ದಿನ’ (ಆಟಿಯಲ್ಲೊಂದು ದಿನ) ಮಾಡತೊಡಗಿದವು, ಕಾಲೇಜು, ಆಫೀಸುಗಳೂ ಅದನ್ನೇ ಹಿಡಿದುಕೊಂಡವು. ಆಗಿನ ಬಡವರ ಪದಾರ್ಥಕ್ಕೆ ಈಗ ಕುಕ್ಕರ್ ಬಹುಮಾನ, ಇರಲಿ.

ಮೀನಿನ ವಿಭಾಗ ಇಡುವುದಾದರೆ ಒಣಮೀನಿನದ್ದು ಇಡಿ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಜುಲೈಯಲ್ಲಿ ತಾಜಾ ಬಂಗುಡೆ ಹುಡುಕಿಕೊಂಡು ಹೋದರೆ ಜೇಬಿಗೇ ಕತ್ತರಿ.

ಮರಕೆಸು:
ಗಂಟಲು ತುರಿಸುವುದು ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿಂದ. ಹುಳಿ ಕಡಿಮೆಯಾದರೆ, ಬೇಯುವುದು ಸಾಲದಿದ್ದರೆ ದೂರು ಗ್ಯಾರಂಟಿ. 12 ಎಲೆಗೆ 2 ಕಪ್ ಬೆಳ್ತಿಗೆ (ಕುಚ್ಚಲಲ್ಲದ) ಅಕ್ಕಿ, 4 ಗಂಟೆ ನೆನೆಸಿ. 10 ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಅರ್ಧ ಕಪ್ ಕಾಯಿತುರಿ, ಬೆಲ್ಲ. ಹುಣಸೆಹುಳಿ ದೊಡ್ಡ ಲಿಂಬೆ ಗಾತ್ರದ್ದು, ಅದಕ್ಕಿಂತ ಕಡಿಮೆ ಬೇಡ. ನೀರು ಆದಷ್ಟು ಕಡಿಮೆ ಹಾಕಿ ತರಿತರಿಯಾಗಿ ಅರೆಯಿರಿ. ಹಿಟ್ಟು ನೀರಾದರೆ ಸುರುಳಿಯಿಂದ ಸೋರಿ ಕೆಳಗೆ ಬೀಳುತ್ತದೆ. ಎಲೆಯ ಹಿಂಬದಿಯ ದಪ್ಪ ನರವನ್ನು ಚೂರಿಯಿಂದ ಸವರಿ ತೆಗೆದು ಆ ಬದಿಗೇ ಹಿಟ್ಟು ಹಚ್ಚಿ. ಒಂದು ಸುರುಳಿಗೆ 3–4 ಎಲೆ ಸಾಕು. ಇಡ್ಲಿ ಪಾತ್ರೆಯಲ್ಲಿ 45 ನಿಮಿಷ, ನಡುವೆ ನೀರು ಆರದ ಹಾಗೆ. ಬಿಸಿಯಿರುವಾಗಲೇ ಕೊಯ್ದರೆ ಸುರುಳಿ ಬಿಚ್ಚಿಕೊಳ್ಳುತ್ತದೆ, ಪೂರ್ತಿ ಆರಲಿ.

ಎಂಸಿಬಿ:
ಇಂಡಕ್ಷನ್ ಒಂದಕ್ಕೆ 2000 ವಾಟ್, ಅಂದರೆ ಸುಮಾರು 8.7 ಆಂಪಿಯರ್. ಕಂಪ್ಯೂಟರಿನ 6 ಆಂಪಿಯರ್ ಸಾಕೆಟ್‌ಗೆ ಬೇಡವೇ ಬೇಡ. 16ರ ಸಾಕೆಟ್‌ಗೆ ಎಕ್ಸ್‌ಟೆನ್ಶನ್ ಹಾಕಿ ಎರಡು ಒಲೆ ಇಟ್ಟರೆ 17 ದಾಟುತ್ತದೆ, ವೈರ್ ಬಿಸಿಯಾಗುತ್ತದೆ, ಎಂಸಿಬಿ (ಲೋಡ್ ಹೆಚ್ಚಾದರೆ ಕರೆಂಟ್ ಕಡಿಯುವ ಸ್ವಿಚ್) ಬೀಳುತ್ತದೆ. ಮಣ್ಣಿನ ಗಡಿಗೆಗೂ ಅಲ್ಯೂಮಿನಿಯಂಗೂ ಇಂಡಕ್ಷನ್ ಕೆಲಸ ಮಾಡುವುದಿಲ್ಲ. ತಳಕ್ಕೆ ಅಯಸ್ಕಾಂತ ಹಿಡಿಯಬೇಕು. ಹಾಗಾಗಿ ಅಡುಗೆ ಅವರವರ ಮನೆಯಲ್ಲೇ ಆಗಲಿ, ಆಫೀಸಿನಲ್ಲಿ ಬಿಸಿ ಮಾಡುವುದು, ಒಗ್ಗರಣೆ ಮಾತ್ರ. ನೀರ್ ದೋಸೆ ಇದಕ್ಕೆ ಹೇಳಿದ್ದಲ್ಲ.

ಕದ್ರಿಕಂಬಳ:
ಉಪಕಾರ ಆಯಿತು. ಕಣಿಲೆ, ಆಟಿ ಅಮಾವಾಸ್ಯೆಗೆ ಕುಡಿಯುವ ಹಾಲೆ ಮರದ ತೊಗಟೆಯ ಕಷಾಯ ಎರಡೂ ಪಟ್ಟಿಯಲ್ಲಿ ಉಂಟು. ಸ್ಪರ್ಧೆಗೆ ಸೇರಿಸಬಹುದಾ?

ತೆಂಕಪೇಟೆ:
ಕಷಾಯ ಬೇಡ ಮಾರಾಯ್ರೆ. ತೊಗಟೆ ತರುವುದು ಬೆಳಗಾಗುವ ಮೊದಲು, ಹಾಲೆ ಅಂದುಕೊಂಡು ಕತ್ತಲಲ್ಲಿ ಕಾಸರಕ ಮರದ ತೊಗಟೆ ಕೆತ್ತಿ ತಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್ ಎಂಬ ವಿಷ, ಜೀವಕ್ಕೇ ಅಪಾಯ. ಲೋಟದಲ್ಲಿ ನೋಡಿ ತೀರ್ಪುಗಾರರಿಗೆ ಏನೂ ಗೊತ್ತಾಗುವುದಿಲ್ಲ. ಮೆಂತೆ ಗಂಜಿ ಇಡಿ.

ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ಹೆಚ್ಚಿ 2–3 ದಿನ ನೀರಲ್ಲಿ ಹಾಕಿ, ದಿನವೂ ನೀರು ಬದಲಿಸಿ, ಕುದಿಸಿದ ನೀರನ್ನೂ ಚೆಲ್ಲಿದವರದ್ದು ಮಾತ್ರ ತೆಗೆದುಕೊಳ್ಳಿ, ಹೆಸರು ಕೊಡುವಾಗಲೇ ಬರೆಸಿಕೊಳ್ಳಿ.

ಕಾಯಿ ಅರೆದು ಹಾಕಿದ ಗಸಿ ಬೆಳಿಗ್ಗೆ ತಂದು ಮಧ್ಯಾಹ್ನದವರೆಗೆ ಮುಚ್ಚಿಟ್ಟರೆ ಹಳಸುತ್ತದೆ. ಒಂದೋ 60 ಡಿಗ್ರಿಗಿಂತ ಮೇಲೆ ಬಿಸಿಯಾಗಿಡಿ, ಇಲ್ಲದಿದ್ದರೆ 2 ಗಂಟೆಯೊಳಗೆ ರುಚಿ ನೋಡಿ ಮುಗಿಸಿ. ಪಾತ್ರೆಗೆ ಹೆಸರಲ್ಲ, ನಂಬರ್ ಅಂಟಿಸಿ. ಮ್ಯಾನೇಜರರ ಚಟ್ನಿಗೆ ಮಾರ್ಕು ತನ್ನಷ್ಟಕ್ಕೇ ಏರುವುದುಂಟು. ಸಪ್ಪೆಯಿಂದ ಖಾರಕ್ಕೆ ಹೋಗಿ, ಒಣಮೀನು ಕೊನೆಗೆ, ಅದಕ್ಕೆ ಚಮಚ ಬೇರೆ.